ಕೆಂಪು ಔಷಧಿಗಿಂತ ಮೊದಲು

ನಾನು ಒಂದು ಗಾಜಿನ ಸೀಸೆ. ಹೆಬ್ಬೆರಳಿನಷ್ಟೇ ಇದ್ದೇನೆ. ಹುಟ್ಟಿದ್ದು ಬೆಂಕಿಯಲ್ಲಿ, ಹಾಗಾಗಿ ಕೋಪ ಮೂಗಿನ ತುದಿಯಲ್ಲೇ. ಕಾರ್ಖಾನೆಯವರು ಹೊಟ್ಟೆಗೆ ಒಂದಿಷ್ಟು ಬಿಳಿ ಪುಡಿ ತುಂಬಿ, ಬಾಯಿಗೆ ರಬ್ಬರ್ ಬಿರಡೆ ಜಡಿದರು. ಔಷಧದ ಕಪಾಟಿನಲ್ಲಿ ಬಹಳ ಕಾಲ ಕೂತೆ. ಪಕ್ಕದ ಕೆಮ್ಮಿನ ಸಿರಪ್ಪುಗಳು ದಿನವೂ ಹೊರಡುತ್ತಿದ್ದವು, ನನ್ನನ್ನು ಕೇಳುವವರೇ ಇರಲಿಲ್ಲ.

ಕೊನೆಗೆ ಹುಬ್ಬಳ್ಳಿಯ ಕ್ಯಾನ್ಸರ್ ಆಸ್ಪತ್ರೆಯೊಂದು ನನ್ನನ್ನು ತರಿಸಿತು. ಅಲ್ಲಿ ನೀಲವ್ವ ಎಂಬ ಟೇಲರ್ ಚಿಕಿತ್ಸೆಯಲ್ಲಿದ್ದಳು. ಕೆಂಪು ಬಣ್ಣದ ಕಿಮೊ ಔಷಧಿ ಅವಳ ಗಡ್ಡೆಯನ್ನು ಕರಗಿಸುತ್ತಿತ್ತು, ಆದರೆ ಹೃದಯಕ್ಕೂ ಕೈ ಹಾಕಿತ್ತು. ಸ್ಕ್ಯಾನಿನಲ್ಲಿ ಬಡಿತದ ಬಲ ತಗ್ಗಿತ್ತು. ಆ ಔಷಧಿ ಹೃದಯದ ಕಬ್ಬಿಣದ ಅಂಶದೊಂದಿಗೆ ಸೇರಿದರೆ ಒಳಗೊಳಗೇ ಸುಡುತ್ತದೆ. ಮೊದಲೇ ಹೋಗಿ ಆ ಕಬ್ಬಿಣವನ್ನು ಹಿಡಿದಿಡುವುದು ನನ್ನ ಪುಡಿಯ ಕೆಲಸ. ಅದು ಒಳಗೆ ಹೋದ ಅರ್ಧ ಗಂಟೆಯೊಳಗೆ ಕೆಂಪು ಔಷಧಿ ಶುರುವಾಗಬೇಕು, ಇಲ್ಲದಿದ್ದರೆ ನನ್ನ ಕಾವಲು ದಂಡ.

ಗುರುವಾರ ಮಧ್ಯಾಹ್ನ ನರ್ಸ್ ರೇಚಲ್ ನನ್ನ ಪುಡಿಯನ್ನು ಕರಗಿಸಿ ನೀಲವ್ವನ ನರಕ್ಕೆ ಹರಿಸಿದಳು. ಖಾಲಿಯಾದ ನಾನು ಟ್ರೇಯಲ್ಲಿ ಬಿದ್ದು ನೋಡುತ್ತಿದ್ದೆ. ರೇಚಲ್ ಕೆಂಪು ಚೀಲ ತೂಗುಹಾಕಿದ್ದೇ ತಡ, ನೀಲವ್ವನ ತಾಯಿ ಕಸ್ತೂರೆವ್ವ ಎದ್ದು ಬಂದು ನಳಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ರಾಹುಕಾಲ ಹತ್ತೇತ್ರಿ. ಮೂರರ ಮ್ಯಾಲೆ ಹಾಕ್ರಿ."

"ಅಷ್ಟೊತ್ತಿಗೆ ಮೊದಲಿನ ಔಷಧಿಯ ಜೋರು ಕಮ್ಮಿ ಆಗ್ತೈತಿ ಅಮ್ಮಾ. ಈಕಿ ಎದಿಗೆ ಪೆಟ್ಟು ಬೀಳ್ತೈತಿ."

"ನಮ್ಮ ಯಜಮಾನ್ರನ್ನ ರಾಹುಕಾಲದಾಗ ಆಪರೇಷನ್ನಿಗೆ ಒಯ್ದ್ರು. ಹೊಳ್ಳಿ ಬರಲಿಲ್ಲ. ಇದ್ದಾಕಿ ಈಕಿ ಒಬ್ಬಾಕಿ."

ಅವಳ ಹಿಡಿತ ಸಡಿಲವಾಗಲಿಲ್ಲ. ಎಳೆದರೆ ಸೂಜಿ ಕಿತ್ತು ಬರುತ್ತದೆಂದು ರೇಚಲ್ ಕೈ ಹಿಂತೆಗೆದಳು. ಹೊತ್ತು ಜಾರುತ್ತಿತ್ತು. ನನಗೆ ಬಾಯಿದ್ದಿದ್ದರೆ ಮುದುಕಿಗೆ ಚೆನ್ನಾಗಿ ಬೈಯುತ್ತಿದ್ದೆ. ಆದರೆ ಅವಳ ಗಂಡನ ಕಥೆ ಕೇಳಿದ ಮೇಲೆ ಕೋಪ ಮಾಡಲು ಮನಸ್ಸೇ ಬರಲಿಲ್ಲ.

ನೀಲವ್ವ ಮೆಲ್ಲಗೆ ಹೇಳಿದಳು. "ಯವ್ವಾ, ಲಗ್ನದಾಗ ಅಕ್ಕಿಕಾಳು ಹಾಕೂ ಹೊತ್ತು ನೋಡ್ತೀವಿ. ಊಟಕ್ಕ ಕುಂದ್ರೂ ಹೊತ್ತು ನೋಡ್ತೀವೇನು? ಆ ಮೊದಲಿನ ಔಷಧಿನ ನನ್ನ ಅಕ್ಕಿಕಾಳು. ಆಗಲೇ ಬಿದ್ದಾವು, ರಾಹುಕಾಲಕ್ಕಿಂತ ಮೊದಲ. ಇದು ಅದರ ಮುಂದಿನದು. ಬಿಡು."

ಕಸ್ತೂರೆವ್ವ ಮಗಳ ಮುಖ ನೋಡಿದಳು. ಒಂದೊಂದೇ ಬೆರಳು ಬಿಚ್ಚಿತು. ಗಡುವು ಮೀರುವ ಮೊದಲೇ ಕೆಂಪು ಹನಿ ಇಳಿಯಿತು.

ಈಗ ನಾನು ಕೋಣೆಯ ಮೂಲೆಯಲ್ಲಿ, ಗಾಜಿನ ಕಸದ ಡಬ್ಬಿಯಲ್ಲಿದ್ದೇನೆ. ಸಂಜೆ ಗಾಡಿ ಬರುತ್ತದೆ. ಆ ಹೃದಯ ಮುಂದೆ ಹೇಗಿರುತ್ತದೋ ನನಗೆ ಗೊತ್ತಾಗುವುದಿಲ್ಲ, ಅದೊಂದೇ ಸಂಕಟ. ಕಸ್ತೂರೆವ್ವ ಮಗಳ ಎದೆಯ ಮೇಲೆ ಅಂಗೈ ಇಟ್ಟವಳು ಇನ್ನೂ ತೆಗೆದಿಲ್ಲ.

"ಬಡಕೊಳ್ಳಾಕತ್ತೈತ್ರಿ ಸಿಸ್ಟರ್," ಎನ್ನುತ್ತಿದ್ದಾಳೆ.

"ಬಡಕೊಳ್ಳಲಿ ಬಿಡ್ರಿ," ಎನ್ನುತ್ತಾಳೆ ರೇಚಲ್. "ಅದಕ್ಕ ಇಷ್ಟೆಲ್ಲಾ."