ಸೀಸೆಯಾಚೆಯ ಸಾಲು

ಶಿರಸಿಯ ನಾಗಪತಿ ವೈದ್ಯರ ಔಷಧಶಾಲೆಯಲ್ಲಿ ದ್ರಾಕ್ಷಾರಿಷ್ಟ ತಿಳಿಯಾಗಿದೆಯೋ ಇಲ್ಲವೋ ಎಂದು ನೋಡಿ ಹೇಳುವ ಕೆಲಸ ಸಂಗಯ್ಯನದು. ಚಳಿಗೆ ಅರಿಷ್ಟ ಮಬ್ಬಾಗುವುದುಂಟು. ಹಾಗಾಗಿ ಪ್ರತಿ ಪಾಕದಿಂದ ಒಂದು ತೆಳು ಗಾಜಿನ ಸೀಸೆ ತುಂಬಿ ಇರುಳೆಲ್ಲ ಬಾವಿಯ ತಣ್ಣೀರಿನಲ್ಲಿ ಇಳಿಬಿಡುವುದು, ಬೆಳಗ್ಗೆ ಒರೆಸಿ ಕಿಟಕಿಗೆ ಹಿಡಿಯುವುದು. ಕಿಟಕಿಯ ಗಾಜಿಗೆ ಅಂಟಿಸಿದ ಚೀಟಿಯನ್ನು ಸೀಸೆಯ ಮೂಲಕ ಓದಲು ಬಂದರೆ ಪಾಸು. ಬಾರದಿದ್ದರೆ ಮತ್ತೆ ಸೋಸಬೇಕು.

ಚೀಟಿ ಬರೆದುಕೊಟ್ಟವಳು ಹೆಂಡತಿ ಗೌರಕ್ಕ. ದೀಪ ಹಚ್ಚುವಾಗ ಅವಳು ಹೇಳುತ್ತಿದ್ದ ಶಿವಸ್ತುತಿಯ ಒಂದು ಸಾಲು ಅದು. ಅವಳು ತೀರಿಕೊಂಡ ಮೇಲೆ ಮನೆಯಲ್ಲಿ ಆ ಸಾಲಿರಲಿ, ಮಾತೇ ಇಲ್ಲ. ಸಂಗಯ್ಯ ಬೆಳಗಾಗುವುದನ್ನೇ ಕಾದು ಕೆಲಸಕ್ಕೆ ಬರುತ್ತಿದ್ದ. ಸೀಸೆ ಎತ್ತಿದೊಡನೆ ಆ ಸಾಲು ಅವಳ ದನಿಯಲ್ಲೇ ಕೇಳುತ್ತಿತ್ತು.

ಮಾರ್ಗಶಿರದಲ್ಲಿ ಹಾವೇರಿಯ ಅಂಗಡಿಯಿಂದ ಪೆಟ್ಟಿಗೆಗಳು ವಾಪಸು ಬಂದವು. ವೈದ್ಯರು ಒಂದು ಬಾಟಲಿಯನ್ನು ಅವನ ಮುಂದಿಟ್ಟರು.

"ಎಂತ ಮಾರಾಯ್ರೆ, ಇದು ಅರಿಷ್ಟವೋ, ಅಕ್ಕಿ ತೊಳೆದ ನೀರೋ?"

ಇನ್ನೊಮ್ಮೆ ಹೀಗಾದರೆ ಈ ಕೆಲಸ ಬೇರೆಯವರಿಗೆ ಎಂದೂ ಹೇಳಿದರು. ಕಣ್ಣು ಮಂಜಾಗಿರಬೇಕೆಂದು ಎಲ್ಲರೂ ಆಡಿಕೊಂಡಾಗ ಸಂಗಯ್ಯ ಅಲ್ಲೇ ಕೂತು ಸೂಜಿಗೆ ದಾರ ಪೋಣಿಸಿ ತೋರಿಸಿದ.

ಮರುದಿನ ಹೊಸ ಪಾಕದ ಸೀಸೆ ಎತ್ತಿ ಹಿಡಿದ. ಸಾಲನ್ನು ಕೊನೆಯವರೆಗೂ ಓದಿದ. ಪಾಸು ಎಂದು ಇಳಿಸುವಷ್ಟರಲ್ಲಿ, ಬಾಟಲಿ ತೊಳೆಯುವ ಮಂಜಿ ನೆಲ ಗುಡಿಸುತ್ತ ಒಂದು ಚೀಟಿ ಎತ್ತಿ ಕೊಟ್ಟಳು.

"ಅಯ್ಯನೋರೇ, ನಿಮ್ದು ಅಲ್ದ? ನೀವು ಬರೂಕ್ ಮುಂಚೇನೇ ಬಿದ್ದಿತ್ತು. ಕಸ ಅಂದ್ಕಂಡಿದ್ದೆ."

ಗೌರಕ್ಕನ ಚೀಟಿ; ಇಬ್ಬನಿಗೆ ಅಂಟು ಬಿಟ್ಟಿತ್ತು. ಸಂಗಯ್ಯ ಬರಿಯ ಗಾಜಿಗೆ ಸೀಸೆಯನ್ನು ಮತ್ತೆ ಹಿಡಿದ. ಸಾಲು ಬಂತು, ಒಂದಕ್ಷರವೂ ಬಿಡದೆ, ಅದೇ ದನಿಯಲ್ಲಿ. ಇಷ್ಟು ದಿನ ಓದಿದ್ದು ಕಣ್ಣಲ್ಲ.

ಮಧ್ಯಾಹ್ನದ ಬಸ್ಸಿಗೆ ಮಾಲು ಹೋಗುವುದಿತ್ತು. ಹೇಳಿಬಿಟ್ಟರೆ ಚೀಟಿ ಬದಲಾಗುತ್ತದೆ. ಬೆಳಗಿನ ಆ ದನಿ ನಿಲ್ಲುತ್ತದೆ. ಅವನು ಬಹಳ ಹೊತ್ತು ಕಿಟಕಿಯ ಬಳಿಯೇ ನಿಂತಿದ್ದ. ಆಮೇಲೆ ಸೀಸೆ ಹಿಡಿದುಕೊಂಡು ವೈದ್ಯರ ಕೋಣೆಗೆ ಹೋದ.

"ಇದನ್ನ ಕಳಸಬ್ಯಾಡ್ರಿ. ನನಗ ಬಾಯಿಪಾಠ ಇಲ್ಲದ್ದು ಏನರ ಬರದು ಹಚ್ಚರಿ."

ವೈದ್ಯರು ಕಾರಣ ಕೇಳಿ ತಿಳಿದುಕೊಂಡರು. ಅವನಿಗೆ ತೋರಿಸದೆ ಏನೋ ಬರೆದು ಕಿಟಕಿಗೆ ಅಂಟಿಸಿದರು. ಸಂಗಯ್ಯ ಸೀಸೆ ಎತ್ತಿದ. ಒಳಗೆ ಬರೀ ಮಬ್ಬು.

"ಏನೂ ಕಾಣವಲ್ದು," ಎಂದ.

ಪಾಕವನ್ನು ಮತ್ತೆ ಸೋಸಿದರು. ಮರುದಿನ ತಣ್ಣಗಿನ ಸೀಸೆಯಾಚೆ ಅಕ್ಷರಗಳು ಒಂದೊಂದೇ ಮೂಡಿದವು. ಹಿಪ್ಪಲಿ, ನಾಗಕೇಸರ, ಏಲಕ್ಕಿ. ಯಾವ ದನಿಯೂ ಬರಲಿಲ್ಲ. ಸಂಗಯ್ಯ ಅವನ್ನು ಬಾಯಿಬಿಟ್ಟೇ ಓದಿದ, ತನ್ನದೇ ದನಿಯಲ್ಲಿ.