ಏಳನೇ ನಂಬರಿನ ಚರಂಡಿ

ಮನ್ರೋ ಪಕ್ಕದ ಆಲ್ಡರ್‌ಟನ್ ಎಂಬ ಪುಟ್ಟ ಊರಿಗೆ ನೂರು ವರ್ಷ ತುಂಬಿದಾಗ, ಅದರ ಚರಿತ್ರೆ ಬರೆಯುವ ಕೆಲಸ ಬದರಿಯ ಕೊರಳಿಗೆ ಬಿತ್ತು. ಬೀಳದೆ ಇನ್ನೇನು? ಹದಿನೆಂಟು ವರ್ಷ ಪ್ಲಾನಿಂಗ್ ಬೋರ್ಡಿನಲ್ಲಿ ಕೂತು, ಆಲೂಗಡ್ಡೆ ಹೊಲಗಳಲ್ಲಿ ಟೌನ್‌ಹೌಸ್ ಎಬ್ಬಿಸಲು ಒಪ್ಪಿಗೆ ಕೊಟ್ಟವನು. ಊರು ಬೆಳೆದದ್ದು ತನ್ನ ಕೈಯಲ್ಲೇ ಎಂಬ ಸಣ್ಣ ಜಂಬವೂ ಅವನಿಗಿತ್ತು.

ಹಳೆಯ ನಕ್ಷೆಗಳನ್ನು ಸ್ಕ್ಯಾನ್ ಮಾಡಿಕೊಡಲು ಬಂದ ಮಗಳು ಆನ್ಯಾ, ಅಜ್ಜಿಯ ಅಸ್ಥಿ ಬಿಟ್ಟ ತೊರೆ ಇದರಲ್ಲಿ ಎಲ್ಲಿದೆ ಎಂದು ಕೇಳಿದಳು.

ಬದರಿಯ ತಾಯಿ ಚಿಕ್ಕತಾಯಮ್ಮ ಮಗನನ್ನು ನೋಡಲು ಈ ದೇಶಕ್ಕೆ ಬಂದು ಇಲ್ಲೇ ತೀರಿಕೊಂಡು ಇಪ್ಪತ್ತೇಳು ವರ್ಷ. ವೀಸಾ ತೊಡಕಿನಿಂದ ಅವನು ಆಗ ಶ್ರೀರಂಗಪಟ್ಟಣಕ್ಕೆ ಹೋಗುವಂತಿರಲಿಲ್ಲ. ಪುರೋಹಿತರು ಹೊಲದಂಚಿನ ತೊರೆಗೇ ಕಾವೇರಿಯನ್ನು ಆವಾಹನೆ ಮಾಡಿ ಅಸ್ಥಿ ಬಿಡಿಸಿದ್ದರು. ಇನ್ನು ಇದೇ ನಿಮ್ಮ ಕಾವೇರಿ, ವರ್ಷಕ್ಕೊಮ್ಮೆ ಬಂದು ತರ್ಪಣ ಕೊಡಿ ಎಂದಿದ್ದರು. ಬದರಿ ಒಂದು ವರ್ಷ ಹೋದ. ಆಮೇಲೆ ತಿಥಿಯನ್ನು ದೇವಸ್ಥಾನದಲ್ಲೇ ಮುಗಿಸುತ್ತ, ಮುಂದಿನ ವರ್ಷ ಹೋದರಾಯಿತು ಎಂದುಕೊಂಡ.

ಈಗ ಹಳೆಯ ನಕ್ಷೆಯ ಪಕ್ಕ ಹೊಸದನ್ನಿಟ್ಟು ಬೆರಳಾಡಿಸಿದ. ತೊರೆಯ ಜಾಗದಲ್ಲಿ ಗೋದಾಮಿನ ಪಾರ್ಕಿಂಗ್ ಲಾಟ್ ಇತ್ತು. ಬೋರ್ಡಿನ ಕಾಗದದಲ್ಲಿ ತೊರೆಗೆ ಹೆಸರೇ ಇರಲಿಲ್ಲ: ಏಳನೇ ನಂಬರಿನ ಚರಂಡಿ, ಪೈಪಿನೊಳಗೆ ಹರಿಸಿ ಮುಚ್ಚಲು ಒಪ್ಪಿಗೆ. ಕೆಳಗೆ ಅವನದೇ ಸಹಿ. ಸಹಿಗೆ ಮುಂಚೆ ಬೋರ್ಡಿನ ಉಳಿದವರೆಲ್ಲ ಆ ಜಾಗ ನೋಡಲು ಹೋಗಿದ್ದರು; ಸ್ನೋ ಬಿದ್ದಿದೆ ಎಂದು ಇವನೊಬ್ಬ ಮನೆಯಲ್ಲುಳಿದಿದ್ದ.

ಮರುದಿನ ಬೆಳಿಗ್ಗೆ ತಂಬಿಗೆಯ ನೀರಿಗೆ ಎಳ್ಳು ಹಾಕಿಕೊಂಡು ಇಬ್ಬರೂ ಹೋದರು. ಲಾಟಿನ ಅಂಚಿನಲ್ಲಿ ಕಬ್ಬಿಣದ ಜಾಲರಿ, ಅದರಡಿ ನೀರಿನ ಸದ್ದು. ಜಾಲರಿಯ ಪಕ್ಕ ಮೀನಿನ ಚಿತ್ರ ಕೊರೆದು, ಇಲ್ಲಿ ಏನನ್ನೂ ಸುರಿಯಬಾರದು, ಇದು ನದಿಗೆ ಸೇರುತ್ತದೆ ಎಂದು ಬರೆದಿತ್ತು. ಹಟ ಹಿಡಿದು ಊರಿಗೆಲ್ಲ ಅದನ್ನು ಹಾಕಿಸಿದವನೂ ಬದರಿಯೇ.

"ಡಿಡ್ ಯೂ ನೋ, ಅಪ್ಪ?"

"ಗೊತ್ತಿರ್ಲಿಲ್ಲ ಪುಟ್ಟ. ಸಹಿ ಹಾಕೋ ಮುಂಚೆ ಒಂದ್ಸಲ ಬಂದು ನೋಡಿದ್ರೆ ಗೊತ್ತಾಗ್ತಿತ್ತು."

ಯಾರೂ ನೋಡುತ್ತಿಲ್ಲ, ಸುರಿದುಬಿಡು ಎಂದಳು ಆನ್ಯಾ. ಅವನ ಕೈ ಮುಂದೆ ಹೋಗಿ ಹಿಂದೆ ಬಂತು.

"ಅಮ್ಮನ್ನ ಮುಚ್ಚಿಸಿದ್ದೂ ನಾನೇ, ನೀರು ಬಿಡಬೇಡಿ ಅಂತ ಬರೆಸಿದ್ದೂ ನಾನೇ," ಎನ್ನುತ್ತ ಕುಕ್ಕರಗಾಲಿನಲ್ಲಿ ಕೂತು ಅತ್ತುಬಿಟ್ಟ.

ಕೊನೆಗೆ ತಂಬಿಗೆಯನ್ನು ಜಾಲರಿಯಿಂದ ಒಂದು ಮೊಳ ಈಚೆಗೆ, ಟಾರಿನ ಮೇಲೆ ಬಗ್ಗಿಸಿದ. ನೀರು ಇಳಿಜಾರು ಹಿಡಿದು ತಾನಾಗಿ ಒಳಗಿಳಿಯಿತು. ಎಳ್ಳು ಮಾತ್ರ ಟಾರಿಗೆ ಅಂಟಿಕೊಂಡು ಮೇಲೆಯೇ ಉಳಿಯಿತು.