ನುಂಗಿದ ಮೇಲೆ

ಕಹಿ ಮೇಡಂ ಬೀಗರ ಮನೆಯಲ್ಲಿ ಮರ್ಯಾದೆ ಕಳೆದುಕೊಂಡ ಕಥೆ ಆ ಔಷಧಿ ಕಂಪನಿಯಲ್ಲಿ ಎಲ್ಲರಿಗೂ ಗೊತ್ತು. ಮಗಳ ಮದುವೆಯಾದ ಹೊಸತು. ಬೀಗಿತ್ತಿ ಕೈಯಾರೆ ಚಹಾ ಮಾಡಿ ತಂದುಕೊಟ್ಟರು. ಈಯಮ್ಮ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ನಾಲಿಗೆಯ ಮೇಲೆ ಆ ಕಡೆ ಈ ಕಡೆ ಹೊರಳಿಸಿ, ಎದ್ದು ಹೋಗಿ ಸಿಂಕಿಗೆ ಉಗುಳಿ, ಬಾಯಿ ಮುಕ್ಕಳಿಸಿ ಬಂದು ಕೂತರು. ತಾನೇನು ಮಾಡಿದೆ ಅಂತ ಹೊಳೆದದ್ದು ಕೂತ ಮೇಲೆ. ಆಮೇಲೆ ವರ್ಷಗಟ್ಟಲೆ ಆ ಮನೆಯಲ್ಲಿ ಇವರಿಗೆ ಚಹಾ ಸಿಗಲಿಲ್ಲ. ನೀರು ಸಿಗುತ್ತಿತ್ತು, ಅದೂ ಮುಖ ಅತ್ತ ತಿರುಗಿಸಿಕೊಂಡು ಕೊಟ್ಟ ನೀರು.

ಪಾಪ, ಬೇಕೂಂತ ಮಾಡಿದ್ದಲ್ಲ. ಅವರ ಕೆಲಸವೇ ಅಂಥದ್ದು. ಔಷಧಿಗಳ ಕಹಿ ಎಷ್ಟು ಅಂತ ನೋಡುವುದು, ಆ ಕಹಿಯನ್ನು ಅಡಗಿಸಲು ದಾರಿ ಹುಡುಕುವುದು. ಓದಿದ್ದು ರಸಾಯನಶಾಸ್ತ್ರ, ಬಾಳಿದ್ದು ಕಹಿಯ ಜೊತೆ. ಅವರ ವಿಭಾಗದಲ್ಲಿ ರುಚಿ ಕೋಣೆ ಅಂತ ಒಂದಿದೆ. ಸಾಲಾಗಿ ಪುಟ್ಟ ಗೂಡುಗಳು, ಪ್ರತಿ ಗೂಡಿನಲ್ಲೂ ಒಂದು ಬಿಳಿ ಸಿಂಕು, ಒಂದು ಲೋಟ ಉಗುರುಬೆಚ್ಚಗಿನ ನೀರು, ಸಪ್ಪೆ ಬಿಸ್ಕತ್ತು. ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಎರಡೇ ಮಾತು: ರುಚಿ ನೋಡಿ, ನುಂಗಬೇಡಿ. ಸರಿಯಾದ ಮಾತೇ ಅಲ್ಲವೇ? ಚೆನ್ನಾಗಿರುವ ಮನುಷ್ಯ ದಿನವಿಡೀ ಯಾರದೋ ಕಾಯಿಲೆಯ ಔಷಧಿ ನುಂಗಿಕೊಂಡು ಕೂತರೆ ಅವನ ಗತಿಯೇನು? ಹೀಗಾಗಿ ಅಲ್ಲಿ ಹೊಸದಾಗಿ ಸೇರಿದವರಿಗೆ ಮೊದಲು ಕಲಿಸುವ ವಿದ್ಯೆ ಉಗುಳುವುದು.

ಇಂಥ ಕಹಿ ಮೇಡಂಗೆ ಗುಬ್ಬಿ ಅಂತ ಒಬ್ಬಳು ಮೊಮ್ಮಗಳು. ಅದು ಮನೆಯಲ್ಲಿ ಕರೆಯುವ ಹೆಸರು. ಇನ್ನೂ ಐದು ತುಂಬಿಲ್ಲ, ಮಾತು ಮಾತ್ರ ಅವರಜ್ಜಿಯ ಹಾಗೆ. ಊಟ ಮಾಡಿದ್ದರಲ್ಲಿ ಹುಟ್ಟುವ ಒಂದು ವಿಷವನ್ನು ಎಲ್ಲರ ಮೈಯೂ ಸದ್ದಿಲ್ಲದೆ ಹೊರಗೆ ಹಾಕುತ್ತದೆ. ಗುಬ್ಬಿಯ ಮೈಗೆ ಅದು ಬರುವುದಿಲ್ಲ, ಹುಟ್ಟಿನಿಂದಲೇ ಬರುವುದಿಲ್ಲ. ವಿಷ ರಕ್ತದಲ್ಲಿ ಏರಿದರೆ ಮಗು ಆಡುತ್ತಾಡುತ್ತಾ ಕೂತಲ್ಲೇ ನಿದ್ದೆಗೆ ಜಾರುತ್ತದೆ. ಅಲುಗಾಡಿಸಿದರೂ ಏಳುವುದಿಲ್ಲ. ಎತ್ತಿಕೊಂಡು ಆಸ್ಪತ್ರೆಗೆ ಓಡಬೇಕು. ಹಾಗೆ ಓಡಿದ್ದೂ ಆಗಿತ್ತು, ಒಂದಕ್ಕಿಂತ ಹೆಚ್ಚು ಸಲ.

ಔಷಧಿ ಇಲ್ಲವೇ ಅಂದರೆ, ಇದೆ. ವಿಷವನ್ನು ಬೇರೆ ದಾರಿಯಿಂದ ಹೊರಗೆ ಕಳಿಸುವ ಔಷಧಿ. ದಿನವೂ ಕುಡಿಯಬೇಕು, ಬದುಕಿರುವ ತನಕ ಕುಡಿಯಬೇಕು. ಆದರೆ ಅದರ ಕಹಿ ಇದೆಯಲ್ಲ, ಅಬ್ಬಾ! ಕಹಿ ಮೇಡಂ ತಮ್ಮ ನೌಕರಿಯುದ್ದಕ್ಕೂ ಎಷ್ಟೋ ಕಹಿಗಳನ್ನು ಕಂಡವರು, ಇದೊಂದಕ್ಕೆ ಅವರೂ ಕೈ ಮುಗಿದಿದ್ದರು. ಗುಬ್ಬಿ ಕುಡಿಯುತ್ತಾಳೆ, ಕುಡಿದದ್ದನ್ನು ಕಕ್ಕುತ್ತಾಳೆ. ಹಣ್ಣಿನ ರಸದಲ್ಲಿ ಬೆರೆಸಿದರೆ ಹಣ್ಣಿನ ರಸದ ಸಮೇತ ಕಕ್ಕುತ್ತಾಳೆ. ಔಷಧಿಯ ಹೊತ್ತಾಯಿತು ಅಂದರೆ ತಾನೇ ಹೋಗಿ ಬಚ್ಚಲಿಂದ ನೀಲಿ ಬೋಗುಣಿ ತಂದು ತೊಡೆಯ ಮೇಲಿಟ್ಟುಕೊಂಡು ಕೂರುತ್ತಾಳೆ. ಕಕ್ಕುವುದಕ್ಕೆ ಮೊದಲೇ ತಯಾರಾಗಿ ಕೂತಳು ನೋಡು, ಎಂಥ ಹಟಮಾರಿ ಅಂತ ಅವರಪ್ಪ ತಲೆ ಚಚ್ಚಿಕೊಳ್ಳುತ್ತಿದ್ದ. ಬೀಗಿತ್ತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಉಗುಳುವುದು ಆ ಕಡೆಯ ರಕ್ತದಲ್ಲೇ ಬಂದಿದೆ ಅಂದುಬಿಟ್ಟರು.

ಮಕ್ಕಳ ಡಾಕ್ಟರಮ್ಮ ಎಷ್ಟು ದಿನ ಅಂತ ಕಾಯುತ್ತಾರೆ? ಹೀಗೇ ಕಕ್ಕುತ್ತಿದ್ದರೆ ಹೊಟ್ಟೆಗೆ ತೂತು ಮಾಡಿ ನಳಿಕೆ ಇಡಬೇಕಾಗುತ್ತದೆ, ಔಷಧಿಯನ್ನು ನೇರವಾಗಿ ಅದರಲ್ಲೇ ಹಾಕಬೇಕು ಅಂದರು. ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಇನ್ನೊಂದು ಸಲ ಆ ನಿದ್ದೆ ಬಂದರೆ ಮಿದುಳಿಗೆ ಪೆಟ್ಟು, ಆ ಪೆಟ್ಟಿಗೆ ಮದ್ದಿಲ್ಲ. ಗುಬ್ಬಿಯ ಅಮ್ಮ ಆಸ್ಪತ್ರೆಯಿಂದ ಸೀದಾ ತವರಿಗೆ ಬಂದಳು. ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಅಮ್ಮ, ಜೀವಮಾನವೆಲ್ಲ ಕಹಿ ಕಟ್ಟಿಕೊಂಡು ಕೂತಿದ್ದೀಯಲ್ಲ. ಊರ ಮಕ್ಕಳಿಗೆಲ್ಲ ಮಾಡಿದೆ. ನನ್ನ ಮಗಳಿಗೆ ಯಾವಾಗ ಮಾಡ್ತೀಯ?"

ಕಹಿ ಮೇಡಂ ಆಗಲೇ ಆ ಕೆಲಸದಲ್ಲೇ ಮುಳುಗಿ ಹೋಗಿದ್ದರು.

ನಾಲಿಗೆ ಅನ್ನುವುದು ಸಾಮಾನ್ಯ ಅಂತ ತಿಳಿಯಬೇಡಿ. ಕಣ್ಣಿಗೆ ಕಾಣದಷ್ಟು ಸಣ್ಣ ಬೀಗಗಳು ಅದರ ತುಂಬ ಇವೆ ಅಂದುಕೊಳ್ಳಿ, ಸರಿಯಾದ ಕೀಲಿ ಬಿದ್ದರೆ ಮಾತ್ರ ರುಚಿ ತಿಳಿಯುವುದು. ಸಿಹಿ ಗುರುತಿಸಲು ಒಂದೇ ಬಗೆಯ ಬೀಗ ಸಾಕಾಗಿದೆ. ಕಹಿಗೆ ಇಪ್ಪತ್ತಕ್ಕೂ ಹೆಚ್ಚು ಬಗೆ! ಯಾಕೆ ಅಂದರೆ, ಸಿಹಿ ತಪ್ಪಿಹೋದರೆ ಬಾಯಿ ಸಪ್ಪೆ, ಅಷ್ಟೇ. ವಿಷ ಮುಕ್ಕಾಲುಪಾಲು ಕಹಿಯಾಗಿರುತ್ತದೆ, ಅದು ತಪ್ಪಿಹೋದರೆ ಪ್ರಾಣ. ಇದನ್ನು ಹೊಸಬರಿಗೆ ಹೇಳುವಾಗಲೆಲ್ಲ ಕಹಿ ಮೇಡಂಗೆ ಮೈ ಜುಮ್ಮೆನ್ನುತ್ತಿತ್ತು. ಎಷ್ಟೋ ಸಲ ಹೇಳಿದರೂ ಜುಮ್ಮೆನ್ನುವುದು ನಿಂತಿರಲಿಲ್ಲ.

ಗುಬ್ಬಿಯ ಔಷಧಿ ಹೋಗಿ ಕೂರುವ ಬೀಗದಲ್ಲಿ ಮೊದಲೇ ಹೋಗಿ ಕೂತು, ಬೀಗವನ್ನು ತೆಗೆಯದೆ ಸುಮ್ಮನೆ ಜಾಗ ಹಿಡಿದುಕೊಳ್ಳುವ ಒಂದು ವಸ್ತು ಬೇಕಿತ್ತು. ಅದನ್ನು ಹುಡುಕಲು ಅವರು, ಅವರ ತಂಡ ಪಟ್ಟ ಪಾಡು ದೇವರಿಗೇ ಗೊತ್ತು. ಕೊನೆಗೂ ಸಿಕ್ಕಿತು. ಒಂದು ಹಣ್ಣಿನ ಸಿಪ್ಪೆಯಲ್ಲಿ ಇರುವಂಥದ್ದೇ, ಅಪಾಯವಿಲ್ಲದ್ದು. ಔಷಧಿಗೆ ಅದನ್ನು ಬೆರೆಸಿ ರುಚಿ ಕೋಣೆಗೆ ಕಳಿಸಿದರು. ಎಲ್ಲ ಗೂಡುಗಳಲ್ಲೂ ಬಾಯಿಗೆ ಹಾಕಿಕೊಂಡರು, ಹೊರಳಿಸಿದರು, ಉಗುಳಿದರು. ಕಹಿಯೇ ಇಲ್ಲ. ಕಹಿ ಮೇಡಂ ತಾವೂ ನೋಡಿದರು. ನೀರಿನ ಹಾಗಿತ್ತು. ಆ ಘೋರ ಕಹಿ ನಾಲಿಗೆಯ ಮೇಲೇ ಇದೆ, ಇದ್ದೂ ಇಲ್ಲ. ಅದನ್ನೂ ಸಿಂಕಿಗೆ ಉಗುಳಿ, ಸೀದಾ ಡಾಕ್ಟರಮ್ಮನ ಹತ್ತಿರ ಹೋದರು.

ಡಾಕ್ಟರಮ್ಮ ಒಪ್ಪಿದರು, ಆಸ್ಪತ್ರೆಯ ಸಮಿತಿಯೂ ಒಪ್ಪಿತು. ಇದೇ ಕಾಯಿಲೆಯ ಕೆಲವು ಮಕ್ಕಳಿಗೆ ಕೊಟ್ಟು ನೋಡುವುದು ಅಂತಾಯಿತು, ಅವರಲ್ಲಿ ಗುಬ್ಬಿಯೂ ಒಬ್ಬಳು. ಅಜ್ಜಿಯಾದ್ದರಿಂದ ಕಹಿ ಮೇಡಂ ಮಗುವಿನ ಹತ್ತಿರ ಹೋಗುವ ಹಾಗಿಲ್ಲ, ಗಾಜಿನ ಆಚೆ ನಿಂತು ನೋಡಬಹುದು.

ಗಾಜಿನ ಆಚೆಯ ಆ ಜಾಗಕ್ಕೆ ಯಜಮಾನ ಅಂಗಡಿ ಪಂಡಿತ. ಕಂಪನಿಯವರು ಅವನನ್ನು ಬಿಸ್ಕತ್ತಿನ ವ್ಯಾಪಾರದಿಂದ ಎತ್ತಿಕೊಂಡು ಬಂದಿದ್ದರು. ಜನ ಅಂಗಡಿಯಲ್ಲಿ ಯಾವ ಪೊಟ್ಟಣಕ್ಕೆ ಕೈ ಚಾಚುತ್ತಾರೆ, ತಿಂದಾಗ ಹುಬ್ಬು ಎಲ್ಲಿಗೆ ಹೋಗುತ್ತದೆ ಅಂತ ವರ್ಷಗಟ್ಟಲೆ ಕಣ್ಣಲ್ಲಿ ಕಣ್ಣಿಟ್ಟು ನೋಡಿದವನು. ಅದರ ಮೇಲೇ ಡಾಕ್ಟರೇಟು ಮಾಡಿದವನು. ಈಗ ಔಷಧಿ ಕುಡಿಯುವ ಮಕ್ಕಳ ವಿಡಿಯೋ ತೆಗೆದು ಮುಖ ನೋಡುವುದು ಅವನ ಕೆಲಸ. ಅವನದು ಒಂದೇ ಮಂತ್ರ: ಬಾಯನ್ನು ಕೇಳಬೇಡಿ, ಮುಖವನ್ನು ನೋಡಿ. ಕಹಿ ಮೇಡಂಗೆ ಅವನನ್ನು ಕಂಡರೆ ಅಷ್ಟಕ್ಕಷ್ಟೆ. ಬಿಸ್ಕತ್ತು ಮಾರುವವನಿಗೂ ಔಷಧಿಗೂ ಎಲ್ಲಿಯ ನಂಟು ಅಂತ ಮೂಗು ಮುರಿಯುತ್ತಿದ್ದರು.

ಮಕ್ಕಳು ಕುಡಿದರು. ಕುಡಿದು ಕಕ್ಕಿದರು. ಗುಬ್ಬಿ ನೀಲಿ ಬೋಗುಣಿ ತಬ್ಬಿಕೊಂಡು ಎಲ್ಲವನ್ನೂ ಕಕ್ಕಿದಳು.

ಕಹಿ ಮೇಡಂಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಡಾಕ್ಟರಮ್ಮ ಬೇಸರದಿಂದಲೇ ಆಪರೇಷನ್ನಿನ ದಿನ ಗೊತ್ತು ಮಾಡಿದರು, ಮುಂದಿನ ತಿಂಗಳ ಮೊದಲ ವಾರ. ಮಗಳು ಮಗುವಿನ ಬಾಯಿ ಒರೆಸಿ ಎತ್ತಿಕೊಂಡು ಹೋದಳು. ಬೈದಿದ್ದರೆ ವಾಸಿಯಿತ್ತು.

ಆ ಸಿಟ್ಟನ್ನೆಲ್ಲ ಈಯಮ್ಮ ಅಂಗಡಿ ಪಂಡಿತನ ಮೇಲೆ ತೀರಿಸಿಕೊಂಡರು. ಔಷಧಿಯಲ್ಲಿ ಕಹಿ ಇಲ್ಲವೇ ಇಲ್ಲ, ಮಕ್ಕಳಿಗೆ ಹಳೆಯ ಹೆದರಿಕೆ, ಅಭ್ಯಾಸಬಲದಿಂದ ಕಕ್ಕುತ್ತಿದ್ದಾರೆ, ಅದನ್ನು ಬಿಡಿಸುವುದು ನಿನ್ನ ಕೆಲಸ, ನೀನು ಮಾಡಿಲ್ಲ ಅಂತ ಬಾಯಿಗೆ ಬಂದದ್ದೆಲ್ಲ ಅಂದರು. ಅವನು ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ಕುರ್ಚಿ ಎಳೆದುಕೊಟ್ಟು, ಗುಬ್ಬಿಯ ವಿಡಿಯೋವನ್ನು ನಿಧಾನ ಮಾಡಿ ತೋರಿಸಿದ.

ಚಮಚ ಬಾಯಿಗೆ ಹೋಯಿತು. ಗುಬ್ಬಿಯ ಮುಖ ಮೊದಲು ಗಂಟಾಗಿತ್ತು, ಚಮಚ ಹೋದ ಮೇಲೆ ಸಡಿಲವಾಯಿತು. ಹುಬ್ಬು ಇಳಿಯಿತು. ಕಣ್ಣಲ್ಲಿ ಒಂದು ಆಶ್ಚರ್ಯ ಕೂಡ ಬಂತು. ಅವಳು ನುಂಗಿದಳು. ಆಮೇಲೆ, ನುಂಗಿದ ಮೇಲೆ, ಅಡಿಯಿಂದ ಯಾರೋ ಎಳೆದ ಹಾಗೆ ಇಡೀ ಮುಖ ಕುಸಿಯಿತು. ಅವನು ಬೇರೆ ಮಕ್ಕಳದ್ದೂ ತೋರಿಸಿದ. ಎಲ್ಲರದ್ದೂ ಹಾಗೇ. ಚಮಚಕ್ಕೆ ಹೆದರಿದ್ದರೆ ಮುಖ ಮೊದಲೇ ಕೆಡಬೇಕಿತ್ತು ಅಂದ. ಆಮೇಲೆ ಕೆಟ್ಟಿದೆ ಅಂದರೆ ಆಮೇಲೆ ಏನೋ ಆಗಿದೆ.

"ಮೇಡಂ, ತಪ್ಪು ತಿಳೀಬೇಡಿ. ನಿಮ್ಮವರಲ್ಲಿ ಯಾರಾದರೂ ಇದನ್ನ ನುಂಗಿದ್ದಾರಾ?"

ಯಾರೂ ನುಂಗಿರಲಿಲ್ಲ. ಇದನ್ನಷ್ಟೇ ಅಲ್ಲ, ಯಾವುದನ್ನೂ, ಯಾವತ್ತೂ, ಆ ಕೋಣೆಯಲ್ಲಿ ಒಬ್ಬರೂ ನುಂಗಿರಲಿಲ್ಲ. ಅಷ್ಟು ಓದಿದವರು, ಅಷ್ಟು ಗೂಡುಗಳು, ಅಷ್ಟು ಸಿಂಕುಗಳು!

ಡಾಕ್ಟರಮ್ಮನಿಗೆ ಫೋನು ಮಾಡಿ, ಒಂದು ಚಮಚದಿಂದ ದೊಡ್ಡವರಿಗೆ ಏನೂ ಆಗುವುದಿಲ್ಲ ಅಂತ ಖಾತ್ರಿ ಮಾಡಿಕೊಂಡು, ಕಹಿ ಮೇಡಂ ರುಚಿ ಕೋಣೆಗೆ ಹೋಗಿ ಕೂತರು. ಅಂಗಡಿ ಪಂಡಿತ ಗೂಡಿನ ಬಾಗಿಲಲ್ಲಿ ನಿಂತ. ಬಾಯಿಗೆ ಹಾಕಿಕೊಂಡರು. ನೀರಿನ ಹಾಗೇ. ಅಭ್ಯಾಸದಿಂದ ತಲೆ ತಾನಾಗಿಯೇ ಸಿಂಕಿನ ಕಡೆ ಬಾಗಿತು, ಗಟ್ಟಿ ಮನಸ್ಸು ಮಾಡಿ ಎತ್ತಿಕೊಂಡರು. ನುಂಗಿದರು.

ಒಂದು ಕ್ಷಣ ಏನೂ ಇಲ್ಲ. ಆಮೇಲೆ ಬಂತು. ನಾಲಿಗೆಯಿಂದಲ್ಲ, ಅದರ ಕೆಳಗಿಂದ, ಗಂಟಲಿನ ಆಳದಿಂದ. ಕಣ್ಣಲ್ಲಿ ನೀರು ಕಿತ್ತುಕೊಂಡಿತು. ಹೊಟ್ಟೆ ತೊಳಸಿ ಮೇಲಕ್ಕೆ ಬಂತು. ಅದನ್ನು ತಡೆಯುವುದು ಅವರ ಕೈಯಲ್ಲಿ ಇರಲೇ ಇಲ್ಲ. ಎಲ್ಲವೂ ಸಿಂಕಿಗೆ ಹೋಯಿತು.

ಮುಖ ತೊಳೆದುಕೊಂಡು ಅಲ್ಲೇ ನೆಲದ ಮೇಲೆ ಕೂತರು. ಅಂಗಡಿ ಪಂಡಿತ ನೀರು ಕೊಟ್ಟ. ಸಂಜೆ ಡಾಕ್ಟರಮ್ಮ ಬಂದು ತಮ್ಮ ಕಡೆಯ ಹೊಸ ಸಂಶೋಧನೆಗಳಲ್ಲಿ ಓದಿದ್ದನ್ನು ಹೇಳಿದರು. ಕಹಿಯ ಬೀಗಗಳು ನಾಲಿಗೆಗೆ ಮುಗಿಯುವುದಿಲ್ಲವಂತೆ. ಗಂಟಲಲ್ಲಿವೆ, ಉಸಿರಿನ ಕೊಳವೆಯಲ್ಲಿವೆ, ಕರುಳಿನಲ್ಲೂ ಸಿಕ್ಕಿವೆ. ರುಚಿ ಅಂತ ನಮಗೆ ತಿಳಿಯದೇ ಇರುವ ಜಾಗದಲ್ಲೂ ಅವು ಕೂತು ಕಾಯುತ್ತಿವೆ. ಕಹಿ ಮೇಡಂ ತಮ್ಮ ಗಂಟಲ ಮೇಲೆ ಕೈ ಇಟ್ಟುಕೊಂಡರು. ನಾಲಿಗೆ ಮೋಸಹೋದೀತು ಅಂತ ಮೊದಲೇ ತಿಳಿದ ಹಾಗೆ, ದಾರಿಯುದ್ದಕ್ಕೂ ಕಾವಲು! ಜೀವ ಉಳಿಸಿಕೊಳ್ಳಲು ಈ ಮೈಗೆ ಅದೆಷ್ಟು ಆಸೆ. ಅವರಿಗೆ ನಾಚಿಕೆಯಾಗಬೇಕಿತ್ತು, ಆಯಿತು ಕೂಡ, ಆದರೆ ಬೆರಗು ಅದಕ್ಕಿಂತ ದೊಡ್ಡದಾಗಿತ್ತು. ಅಷ್ಟು ಸಣ್ಣ ಗುಬ್ಬಿಯ ಗಂಟಲಲ್ಲೂ ಈ ಕಾವಲುಗಾರರೆಲ್ಲ ನಿಂತಿದ್ದಾರೆ, ಅವಳನ್ನು ಉಳಿಸುವ ಔಷಧಿಯನ್ನೇ ವಿಷ ಅಂದುಕೊಂಡು ಹೊರದಬ್ಬುತ್ತಿದ್ದಾರೆ.

ಮುಂದಿನದು ದುಡಿಮೆ. ಬೀಗ ಹಿಡಿಯುವ ವಸ್ತು ಬಾಯಲ್ಲೇ ಉಳಿದು, ಔಷಧಿ ಮಾತ್ರ ಗಂಟಲಿಗೆ ಇಳಿಯುತ್ತಿತ್ತು. ಎರಡೂ ಜೊತೆಯಾಗಿ, ದಾರಿಯುದ್ದಕ್ಕೂ ಅಂಟಿಕೊಂಡು ನಿಧಾನವಾಗಿ ಇಳಿಯಬೇಕು. ಜೇನಿನ ಹಾಗೆ ಮಂದ ಮಾಡಿದರು, ತೀರಾ ಮಂದವಾದರೆ ಮಕ್ಕಳಿಗೆ ಉಸಿರು ಕಟ್ಟುತ್ತದೆ ಅಂತ ತೆಳು ಮಾಡಿದರು, ಮತ್ತೆ ಮಾಡಿದರು. ಡಾಕ್ಟರಮ್ಮನನ್ನು ಕೇಳಿ, ಲೆಕ್ಕ ಹಾಕಿಕೊಂಡು, ರುಚಿ ಕೋಣೆಯವರು ಸರದಿ ಪ್ರಕಾರ ನುಂಗಿದರು. ಬಾಗಿಲ ಮೇಲಿನ ಮಾತನ್ನು ಕಹಿ ಮೇಡಂ ಅಳಿಸಲಿಲ್ಲ, ಮೇಲೊಂದು ಚೀಟಿ ಅಂಟಿಸಿದರು: ಇದೊಂದನ್ನು ನುಂಗಿ. ಗಂಟಲಿನ ಆಳದಲ್ಲೂ ಕಹಿ ಅಡಗುವ ತನಕ ಅವರು ಎಷ್ಟು ಸಲ ಸಿಂಕಿಗೆ ಬಾಗಿದರೋ. ಕೊನೆಗೊಂದು ದಿನ ಯಾರೂ ಬಾಗಲಿಲ್ಲ.

ಆಪರೇಷನ್ನಿಗೆ ಇನ್ನೂ ಕೆಲವು ದಿನ ಇದ್ದಾಗ ಡಾಕ್ಟರಮ್ಮ ಗುಬ್ಬಿಯನ್ನು ಕರೆಸಿದರು. ಇದೇ ಕೊನೆಯ ಪ್ರಯತ್ನ, ಆಗದಿದ್ದರೆ ನಳಿಕೆ ಅಂತ ಗುಬ್ಬಿಯ ಅಮ್ಮನಿಗೆ ಬಿಡಿಸಿ ಹೇಳಿದರು.

ಗುಬ್ಬಿ ಬೋಗುಣಿ ತೊಡೆಯ ಮೇಲಿಟ್ಟುಕೊಂಡು ಕೂತಳು. ಗಾಜಿನ ಆಚೆ ಕಹಿ ಮೇಡಂ, ಪಕ್ಕದಲ್ಲಿ ಅಂಗಡಿ ಪಂಡಿತ. ಅಮ್ಮ ಚಮಚ ಹಿಡಿದಳು. ಗುಬ್ಬಿ ಕಣ್ಣು ಬಿಗಿಯಾಗಿ ಮುಚ್ಚಿ, ಮುಖ ಹಿಂಡಿಕೊಂಡು, ಬಾಯಿ ಅಗಲಿಸಿದಳು. ನುಂಗಿದಳು. ಬೋಗುಣಿಯ ಮೇಲೆ ಬಾಗಿದಳು.

ಬಾಗಿಕೊಂಡೇ ಇದ್ದಳು. ಏನೂ ಬರಲಿಲ್ಲ. ಒಂದು ಕಣ್ಣು ತೆಗೆದು ನೋಡಿದಳು, ಆಮೇಲೆ ಇನ್ನೊಂದು. ಹಿಂಡಿದ ಮುಖ ಒಂದೊಂದೇ ಮಡಿಕೆ ಬಿಚ್ಚಿಕೊಂಡಿತು. ಗುಬ್ಬಿಯ ಅಮ್ಮ ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ.

ಗುಬ್ಬಿ ಮಾತ್ರ ನಗಲಿಲ್ಲ. ಚಮಚ ನೋಡಿದಳು, ಬಾಟಲಿ ನೋಡಿದಳು, ಅಮ್ಮನ ಮುಖ ನೋಡಿದಳು. ತುಟಿ ಅದುರತೊಡಗಿತು.

"ಇದು ಔಷಧಿ ಅಲ್ಲ. ನಂಗೆ ಕಹಿ ಔಷಧಿನೇ ಕೊಡಿ. ನಾನು ಕಕ್ಕಲ್ಲ, ಗಟ್ಟಿಯಾಗಿ ಬಾಯಿ ಮುಚ್ಕೋತೀನಿ. ಕೊಡ್ಲಿಲ್ಲ ಅಂದ್ರೆ ನಂಗೆ ಆ ನಿದ್ದೆ ಬಂದ್ಬಿಡತ್ತೆ."

ಗಾಜಿನ ಆಚೆ ಕಹಿ ಮೇಡಂಗೆ ಆಗ ಹೊಳೆಯಿತು. ಎಲ್ಲ ಗೊತ್ತಿತ್ತು ಮಗುವಿಗೆ. ದಿನವೂ ತಾನೇ ಎದ್ದು ಬೋಗುಣಿ ತಂದು ಕೂರುತ್ತಿದ್ದದ್ದು ಹಟಕ್ಕಲ್ಲ. ಕುಡಿಯುವುದಕ್ಕೆ ಕೂರುತ್ತಿದ್ದಳು. ಕಾವಲುಗಾರರೆಲ್ಲ ಒಂದಾಗಿ ಹೊರದಬ್ಬುತ್ತಿದ್ದದ್ದನ್ನು ದಿನಾ, ದಿನಾ, ಮತ್ತೆ ಬಾಯಿ ತೆರೆದು ಒಳಗೆ ಬಿಟ್ಟುಕೊಳ್ಳುತ್ತಿದ್ದಳು. ಕಹಿಯನ್ನು ಕುರಿತು ತಮಗೆ ಇನ್ನು ತಿಳಿಯಬೇಕಾದ್ದು ಏನೂ ಇಲ್ಲ ಅಂದುಕೊಂಡಿದ್ದ ಆ ಹೆಂಗಸು ನಿಯಮವನ್ನು ಗಾಳಿಗೆ ತೂರಿ, ಬಾಗಿಲು ತಳ್ಳಿ, ಒಳಗೆ ಹೋಗಿ ಮೊಮ್ಮಗಳ ಮುಂದೆ ಮಂಡಿಯೂರಿದರು. ಡಾಕ್ಟರಮ್ಮ ತಡೆಯಲಿಲ್ಲ.

ಬಾಟಲಿಯಿಂದ ಒಂದು ತೊಟ್ಟು ಬೆರಳಿಗೆ ಹಚ್ಚಿಕೊಂಡು ನೆಕ್ಕಿದರು. ಗುಬ್ಬಿಗೆ ಕಾಣುವ ಹಾಗೆ ಕತ್ತು ಎತ್ತಿ ನುಂಗಿದರು.

"ಅದೇ ಔಷಧಿ ಕಂದಾ. ಕಹಿಯನ್ನ ಅಜ್ಜಿ ಅಡಗಿಸಿಟ್ಟಿದ್ದೀನಿ ಅಷ್ಟೇ."

ಗುಬ್ಬಿ ಅಜ್ಜಿಯ ಗಂಟಲನ್ನೇ ನೋಡಿದಳು, ಅದು ಇಳಿಯುವುದು ಕಾಣುತ್ತದೇನೋ ಅನ್ನುವ ಹಾಗೆ. "ಮತ್ತೆ ನಿದ್ದೆ ಬರಲ್ವಾ?"

"ರಾತ್ರಿ ಬರುತ್ತೆ," ಅಂದರು ಕಹಿ ಮೇಡಂ. "ಎಲ್ಲರಿಗೂ ಬರೋ ನಿದ್ದೆ. ಬೆಳಿಗ್ಗೆ ಎಬ್ಬಿಸಿದರೆ ಎದ್ದುಬಿಡ್ತೀಯ."

ಗುಬ್ಬಿ ಸ್ವಲ್ಪ ಯೋಚನೆ ಮಾಡಿದಳು. ಆಮೇಲೆ ತೊಡೆಯ ಮೇಲಿದ್ದ ನೀಲಿ ಬೋಗುಣಿಯನ್ನು ಎತ್ತಿ ಅಜ್ಜಿಯ ಕೈಗೆ ಕೊಟ್ಟು, ಕುರ್ಚಿಯಿಂದ ಇಳಿದಳು.